ಐವತ್ತು ನಿಮಿಷ, ಅದೇ ಕೋಣೆ, ಅದೇ ಮುಖ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ವಯಸ್ಸು 43. ಬೆಂಗಳೂರಿನಿಂದ ರೈಲಿನಲ್ಲಿ ಮೂರು ಗಂಟೆ ದೂರದ ಊರು ನಮ್ಮದು. ನಿಮಗೆ ದಿನಾ ಎಷ್ಟೋ ಅರ್ಜಿ ಬರುತ್ತವೆ. ಆಂಬುಲೆನ್ಸ್ ಇಲ್ಲ, ಡಾಕ್ಟರ್ ಇಲ್ಲ, ಸ್ಕ್ಯಾನಿಂಗ್ ಮಿಷನ್ ಕೆಟ್ಟು ಕೂತಿದೆ ಅಂತ. ನಾನು ಕೇಳುತ್ತಿರುವುದು ಮನಸ್ಸಿನ ನೋವಿಗೆ ಮಾತಿನ ಚಿಕಿತ್ಸೆ, ಅದಕ್ಕೆ ಮಿಷನ್ ಬೇಡ. ಒಂದು ಕೋಣೆ, ಎರಡು ಕುರ್ಚಿ, ಸರಿಯಾಗಿ ಮುಚ್ಚುವ ಬಾಗಿಲು, ಮಾತು ಕೇಳಲು ತರಬೇತಿ ಪಡೆದ ಒಬ್ಬರು. ಆ ಒಬ್ಬರು ಮಧ್ಯದಲ್ಲಿ ಬದಲಾಗಬಾರದು. ನನ್ನ ಅಹವಾಲೆಲ್ಲ ಈ ಕೊನೆಯ ಮಾತಿನಲ್ಲೇ ಇದೆ, ಆದರೆ ಅದು ಯಾಕೆ ಅಷ್ಟು ಮುಖ್ಯ ಅಂತ ಹೇಳಬೇಕಾದರೆ ನನ್ನ ಕಥೆ ಸ್ವಲ್ಪ ಹೇಳಬೇಕು.

ಆರು ವರ್ಷದ ಹಿಂದೆ ನಮ್ಮ ತಂದೆ ತೀರಿಕೊಂಡರು. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ನಾನು ಹಿರೀ ಮಗಳು. ಆಸ್ಪತ್ರೆ ಬಿಲ್ಲು, ಹನ್ನೊಂದನೇ ದಿನದ ಕಾರ್ಯ, ಅಡುಗೆಯವರ ದುಡ್ಡು, ಆಮೇಲೆ ಪೌತಿ ಖಾತೆ ಅಂತ ನಾಡಕಚೇರಿಗೆ ಅಲೆದಾಟ, ಎಲ್ಲ ನಾನೇ ಮಾಡಿದೆ. ಒಂದು ಹನಿ ಕಣ್ಣೀರು ಹಾಕಲಿಲ್ಲ. "ಎಂಥ ಗಟ್ಟಿಗಿತ್ತಿ" ಅಂತ ನೆಂಟರೆಲ್ಲ ಹೊಗಳಿದರು. ವರ್ಷ ಕಳೆದ ಮೇಲೆ ರಾತ್ರಿ ಮೂರು ಗಂಟೆಗೆ ಎಚ್ಚರ ಆಗಲು ಶುರುವಾಯಿತು. ಎದೆ ಮೇಲೆ ಯಾರೋ ಒರಳುಕಲ್ಲು ಇಟ್ಟ ಹಾಗೆ. ಇಸಿಜಿ ಮಾಡಿಸಿದೆ, ಎಕೋ ಮಾಡಿಸಿದೆ, ಥೈರಾಯ್ಡ್ ನೋಡಿಸಿದೆ, ಗ್ಯಾಸ್ಟ್ರಿಕ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದೆ. ಎಲ್ಲ ನಾರ್ಮಲ್. "ಏನೂ ಇಲ್ಲ, ಧೈರ್ಯವಾಗಿರಿ" ಅಂದರು. ಏನೂ ಇಲ್ಲ ಅನ್ನೋದನ್ನ ಕೇಳಿ ಸಮಾಧಾನ ಆಗಬೇಕಿತ್ತು. ನನಗೆ ಇನ್ನೂ ಭಯ ಆಯಿತು.

ಒಂದು ದಿನ ಬಿಸಿಯೂಟದ ಹೊತ್ತಲ್ಲಿ ಮೂರನೇ ಕ್ಲಾಸಿನ ಹುಡುಗನೊಬ್ಬ ಸಾಂಬಾರಿನ ತಟ್ಟೆ ಬೀಳಿಸಿದ. ನಾನು ಕೈ ಎತ್ತಿಬಿಟ್ಟೆ. ಹೊಡೆಯಲಿಲ್ಲ. ಆದರೆ ಅವನು ತಲೆ ತಗ್ಗಿಸಿ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡ. ಹದಿನೆಂಟು ವರ್ಷದ ನೌಕರಿಯಲ್ಲಿ ಯಾವ ಮಗುವೂ ನನ್ನನ್ನು ನೋಡಿ ಹಾಗೆ ಮುದುಡಿದ್ದಿಲ್ಲ. ಮಾರನೇ ದಿನವೇ ರಜೆ ಹಾಕಿ ಸರ್ಕಾರಿ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋದೆ. ಯಾವ ಊರಿನ ಆಸ್ಪತ್ರೆ ಅಂತ ಬರೆಯುವುದಿಲ್ಲ. ಯಾರನ್ನೋ ಕಟಕಟೆಗೆ ನಿಲ್ಲಿಸಲು ಈ ಪತ್ರ ಬರೆಯುತ್ತಿಲ್ಲ.

ಅಲ್ಲಿನ ಮನೋವೈದ್ಯರು ಒಳ್ಳೆಯವರು. ಹೊರಗೆ ಬೆಂಚಿನ ತುಂಬಾ ಜನ, ಗೋಡೆಗೆ ಒರಗಿ ನಿಂತವರು ಬೇರೆ. ನನಗೆ ಸಿಕ್ಕಿದ್ದು ನಾಲ್ಕೈದು ನಿಮಿಷ. ಅಷ್ಟರಲ್ಲೇ ಸರಿಯಾದ ಪ್ರಶ್ನೆ ಕೇಳಿದರು, ಮಾತ್ರೆ ಬರೆದರು, ಮಾತಿನ ಚಿಕಿತ್ಸೆಗೆ ಅಂತ ಪಕ್ಕದ ಕೋಣೆಯ ಸೈಕಾಲಜಿಸ್ಟ್ ಹತ್ತಿರ ಕಳಿಸಿದರು. ಮಾತ್ರೆಯಿಂದ ನಿದ್ದೆ ಬಂತು. ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ, ಯಾಕೆಂದರೆ ಈ ಪತ್ರ ಓದಿ ಯಾರೂ ಮಾತ್ರೆ ನಿಲ್ಲಿಸಬಾರದು. ಕೆಲವು ಕಾಯಿಲೆಗೆ ಮಾತ್ರೆಯೇ ಮೊದಲು, ಮಾತು ಆಮೇಲೆ. ಆ ಸೈಕಾಲಜಿಸ್ಟ್ ಚಿಕ್ಕ ವಯಸ್ಸಿನವರು, ನಮ್ಮ ಕಡೆಯ ಕನ್ನಡದವರೇ. ಕೋಣೆ ಅವರದಲ್ಲ. ಯಾವುದೋ ರಿಜಿಸ್ಟರ್ ತೆಗೆಯಲು ಯಾರಾದರೂ ಬಾಗಿಲು ತೆಗೆದುಕೊಂಡು ಬರುತ್ತಲೇ ಇದ್ದರು. ಆದರೂ ಐದು ವಾರ ಹೋದೆ. ಐದನೇ ವಾರ ಯಾರ ಹತ್ತಿರವೂ ಆಡದ ಒಂದು ಮಾತು ಬಾಯಿಗೆ ಬಂತು. ಅಪ್ಪ ಸತ್ತ ದಿನ ನನಗೆ ದುಃಖಕ್ಕಿಂತ ಮೊದಲು ಬಂದದ್ದು "ಸದ್ಯ, ಮುಗೀತು" ಅನ್ನುವ ಭಾವನೆ ಅಂತ. ಹೇಳಿ ಎದ್ದು ಬಂದುಬಿಟ್ಟೆ. ಮುಂದಿನ ವಾರ ಅದನ್ನು ಬಿಡಿಸಿ ಹೇಳಬೇಕು ಅಂತ ಏಳು ದಿನ ಮನಸ್ಸಲ್ಲೇ ತಯಾರಾದೆ.

ಆರನೇ ವಾರ ಆ ಕುರ್ಚಿಯಲ್ಲಿ ಬೇರೆಯವರಿದ್ದರು. ಮೊದಲಿನವರ ಗುತ್ತಿಗೆ ಮುಗಿದಿತ್ತಂತೆ. ಹೊಸಬರು ಹೊಸ ಹಾಳೆ ತೆಗೆದು, "ಹೇಳಿ, ಏನು ತೊಂದರೆ?" ಅಂದರು. ಅವರದೇನೂ ತಪ್ಪಿಲ್ಲ. "ನಿದ್ದೆ ಸರಿಯಾಗಿ ಬರಲ್ಲ" ಅಂತಷ್ಟೇ ಹೇಳಿ ಮನೆಗೆ ಬಂದೆ. ಎಂಟು ತಿಂಗಳು ಯಾವ ಬಾಗಿಲಿಗೂ ಹೋಗಲಿಲ್ಲ.

ಸರ್, ಆಡಳಿತದ ಲೆಕ್ಕದಲ್ಲಿ ಇಲ್ಲಿ ಏನೂ ತಪ್ಪಾಗಿಲ್ಲ. ಹುದ್ದೆ ಖಾಲಿ ಬಿದ್ದಿರಲಿಲ್ಲ, ರೋಗಿಗೆ "ಸೇವೆ" ಸಿಕ್ಕಿತು, ರಿಜಿಸ್ಟರಿನಲ್ಲಿ ನನ್ನ ಸಹಿ ಆರು ಸಲ ಇದೆ. ಕೈ ಮುರಿದು ಬಂದವರಿಗೆ ಇವತ್ತು ಒಬ್ಬ ಡಾಕ್ಟರ್ ಕಟ್ಟು ಹಾಕಿ, ಮುಂದಿನ ತಿಂಗಳು ಇನ್ನೊಬ್ಬರು ಬಿಚ್ಚಿದರೆ ನಡೆಯುತ್ತದೆ. ಮಾತಿನ ಚಿಕಿತ್ಸೆ ಹಾಗೆ ನಡೆಯಲ್ಲ. ಯಾಕೆ ಅನ್ನೋದು ನನಗೆ ತಿಳಿದದ್ದು ಆಮೇಲೆ, ಬೆಂಗಳೂರಿನಲ್ಲಿ.

ನಾನು ಅಲ್ಲಿ ತೆಗೆದುಕೊಂಡದ್ದಕ್ಕೆ ಸೈಕೋಡೈನಮಿಕ್ ಥೆರಪಿ ಅಂತಾರೆ. ಹೆಸರು ದೊಡ್ಡದು, ನಡೆಯುವುದು ಸರಳ. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ, 50 ನಿಮಿಷ ಕೂರುವುದು. ಬಾಯಿಗೆ ಬಂದದ್ದನ್ನು ಆರಿಸದೆ ಹೇಳುವುದು. ಕನಸಾದರೂ ಸರಿ, ಬಸ್ಸಿನಲ್ಲಿ ಆದ ಜಗಳವಾದರೂ ಸರಿ. ಎದುರಿಗಿರುವವರು "ಯೋಗ ಮಾಡಿ, ವಾಕಿಂಗ್ ಹೋಗಿ" ಅನ್ನುವುದಿಲ್ಲ. ಉಪದೇಶ ಕಡಿಮೆ, ಕೇಳುವುದು ಜಾಸ್ತಿ. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಪ್ರೀತಿ ಹೇಗೆ ಸಿಗುತ್ತಿತ್ತು, ಸಿಟ್ಟು ಹೇಗೆ ಬರುತ್ತಿತ್ತು, ಯಾರಿಗೆ ಹೆದರಿ ಏನನ್ನು ನುಂಗಿಕೊಂಡೆವು, ಇವೆಲ್ಲ ದೊಡ್ಡವರಾದ ಮೇಲೂ ನಮಗೇ ಗೊತ್ತಿಲ್ಲದೆ ಹೆಂಡತಿ ಜೊತೆ, ಗಂಡನ ಜೊತೆ, ಹೆಡ್‌ಮಾಸ್ಟರ್ ಜೊತೆ ಮತ್ತೆ ಮತ್ತೆ ನಡೆಯುತ್ತಿರುತ್ತವೆ. ಸ್ವಲ್ಪ ದಿನ ಹೋದಮೇಲೆ ಥೆರಪಿಸ್ಟ್ ಜೊತೆಗೂ ಅದೇ ಶುರುವಾಗುತ್ತದೆ. ಆಗ ಹಳೇ ಗಂಟು ಕಣ್ಣೆದುರಿಗೆ ಬರುತ್ತದೆ, ಇಬ್ಬರೂ ಸೇರಿ ಬಿಡಿಸಲು ಕೂರಬಹುದು. ಇದೇ ಈ ಚಿಕಿತ್ಸೆಯ ಜೀವ.

ನನ್ನದೇ ಉದಾಹರಣೆ ಕೊಡ್ತೀನಿ. ಶನಿವಾರ ನಮ್ಮದು ಬೆಳಗಿನ ಶಾಲೆ. ಮುಗಿಸಿಕೊಂಡು ರೈಲು ಹತ್ತಿ, ಯಶವಂತಪುರದಲ್ಲಿ ಇಳಿದು, ನಾಲ್ಕೂವರೆಗೆ ಥೆರಪಿಗೆ ಮುಟ್ಟುತ್ತಿದ್ದೆ. ಪ್ರತಿ ವಾರ ಕೈಯಲ್ಲಿ ಏನಾದರೂ ಇರುತ್ತಿತ್ತು. ಚಕ್ಕುಲಿ, ಕೊಬ್ಬರಿ ಮಿಠಾಯಿ, ಮನೆ ಹಿತ್ತಲಿನ ಮಲ್ಲಿಗೆ. ದೊಡ್ಡವರ ಮನೆಗೆ ಬರಿಗೈಲಿ ಹೋಗಬಾರದು ಅಲ್ವಾ, ನಾವು ಬೆಳೆದದ್ದೇ ಹಾಗೆ. ಥೆರಪಿಸ್ಟ್ ಮೇಡಂ ಎರಡು ಸಲ ಸುಮ್ನಿದ್ದರು. ಮೂರನೇ ಸಲ ಚಕ್ಕುಲಿ ಪೊಟ್ಟಣವನ್ನು ನಮ್ಮಿಬ್ಬರ ಮಧ್ಯದ ಮೇಜಿನ ಮೇಲೇ ಬಿಟ್ಟು, ಮೆಲ್ಲಗೆ ಕೇಳಿದರು: "ಒಂದು ವಾರ ಬರಿಗೈಲಿ ಬಂದರೆ ಏನಾಗುತ್ತೆ ಅನ್ಸುತ್ತೆ ನಿಮಗೆ?"

ಏನಿಲ್ಲ ಅಂತ ನಕ್ಕೆ. ನಗು ಅರ್ಧಕ್ಕೇ ನಿಂತಿತು. ಕೊಡದಿದ್ದರೆ ಇವರು ನನ್ನನ್ನು ಇಟ್ಟುಕೊಳ್ಳಲ್ಲ ಅಂತ ನಿಜವಾಗಿ ಅನಿಸುತ್ತಿತ್ತು. ದುಡ್ಡು ಕೊಟ್ಟು ಹೋಗುವ ಜಾಗದಲ್ಲೂ! ಅಲ್ಲಿಂದ ಶುರುವಾದ ಮಾತು ತಿಂಗಳುಗಟ್ಟಲೆ ಎಲ್ಲೆಲ್ಲಿಗೋ ಹೋಯಿತು. ಏಳು ವರ್ಷದವಳಿದ್ದಾಗ, ಅಪ್ಪ ಮಂಡಿಯಿಂದ ಬರುವ ಹೊತ್ತಿಗೆ ಬಿಸಿನೀರು, ಟವೆಲ್ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದೆ. ನಿಂತ ದಿನ "ಜಾಣೆ" ಅನ್ನೋರು. ನಿಲ್ಲದ ದಿನ ಮಾತೇ ಇಲ್ಲ. ಅವತ್ತಿನಿಂದ 40 ದಾಟುವ ತನಕ ನಾನು ಟವೆಲ್ ಹಿಡಿದೇ ನಿಂತಿದ್ದೆ. ಶಾಲೆಯಲ್ಲಿ, ಗಂಡನ ಮನೆಯಲ್ಲಿ, ತಮ್ಮಂದಿರ ಸಂಸಾರದಲ್ಲಿ. ಅಪ್ಪ ಸತ್ತಾಗ "ಸದ್ಯ, ಮುಗೀತು" ಅನಿಸಿದ್ದು ಯಾಕೆ ಅಂತ ಕೊನೆಗೆ ಗೊತ್ತಾಯಿತು. ನಾನು ಕೆಟ್ಟ ಮಗಳು ಆಗಿದ್ದಕ್ಕಲ್ಲ. ಸುಸ್ತಾಗಿದ್ದೆ.

ಈ ಮಾತು ಹೊರಗೆ ಬರಲು ಏಳು ತಿಂಗಳು ಹಿಡಿಯಿತು. ಐದು ವಾರಕ್ಕೆ ಬರುವಂಥದ್ದಲ್ಲ.

ಇನ್ನೊಂದು ವಿಷಯ, ಭಾಷೆ. ಬೆಂಗಳೂರಿನಲ್ಲಿ ನಾನು ಮೊದಲು ಹೋದ ಥೆರಪಿಸ್ಟಿಗೆ ಕನ್ನಡ ಬರುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಮಾತಾಡಿದೆ. ನನ್ನ ಇಂಗ್ಲಿಷ್ ಪಾಠ ಮಾಡುವಷ್ಟು ಚೆನ್ನಾಗಿಯೇ ಇದೆ. "ಮೈ ಫಾದರ್" ಅಂತ ನಾಲ್ಕು ವಾರ ಹೇಳಿದೆ, ಕಣ್ಣು ಒದ್ದೆ ಆಗಲಿಲ್ಲ. ಬೇರೆಯವರ ಕಥೆ ಹೇಳಿದ ಹಾಗಿತ್ತು. ಈ ಪತ್ರದಲ್ಲೂ ತಂದೆ, ಅಪ್ಪ ಅಂತ ಬರೆಯುತ್ತಿದ್ದೇನೆ. ಆದರೆ ನಮ್ಮ ಮನೆಯಲ್ಲಿ ಅವರನ್ನು ಕರೆಯುತ್ತಿದ್ದದ್ದು ಅಣ್ಣ ಅಂತ. ಹಳೇ ಮೈಸೂರು ಕಡೆ ಎಷ್ಟೋ ಮನೆಗಳಲ್ಲಿ ತಂದೆ ಅಂದರೆ ಅಣ್ಣ. ಕನ್ನಡದ ಮೇಡಂ ಮುಂದೆ ಕೂತು "ಅಣ್ಣ ಬರೋ ಹೊತ್ತಿಗೆ" ಅಂತ ಶುರು ಮಾಡಿದೆ ಅಷ್ಟೇ, ವಾಕ್ಯ ಮುಗಿಸಲು ಆಗಲಿಲ್ಲ. ತೀರಿಕೊಂಡು ಮೂರು ವರ್ಷ ಆದಮೇಲೆ ಅವತ್ತು ಅತ್ತೆ. ಕಸಿವಿಸಿ, ಹೊಟ್ಟೆಸಂಕಟ, ಕರುಳು ಚುರುಕ್ ಅನ್ನೋದು, ಇವನ್ನೆಲ್ಲ ಬೇರೆ ಭಾಷೆಗೆ ಸಾಗಿಸಿ ಹೇಳುವಷ್ಟರಲ್ಲಿ ಆರಿ ಹೋಗಿರುತ್ತವೆ. ಹಾಗಾಗಿ ಕನ್ನಡದಲ್ಲಿ ಥೆರಪಿ ಬೇಕು ಅನ್ನೋದನ್ನ ಭಾಷಾಭಿಮಾನದ ಬೇಡಿಕೆ ಅಂತ ದಯವಿಟ್ಟು ನೋಡಬೇಡಿ. ಅದು ಔಷಧಿಯ ಅಳತೆಯಷ್ಟೇ ಮುಖ್ಯವಾದ ವಿಷಯ. ಉತ್ತರ ಕರ್ನಾಟಕದ ಕನ್ನಡ, ಕುಂದಾಪುರದ ಕನ್ನಡ, ಕರಾವಳಿಯ ತುಳು, ಬ್ಯಾರಿ, ಕಲ್ಯಾಣ ಕರ್ನಾಟಕದ ಉರ್ದು, ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ.

ಒಂದು ಸಲ ಮೇಡಂ ಎರಡು ವಾರ ಊರಲ್ಲಿರಲ್ಲ ಅಂತ ಒಂದು ತಿಂಗಳು ಮೊದಲೇ ಹೇಳಿದರು. "ಅಯ್ಯೋ, ಪರವಾಗಿಲ್ಲ ಬಿಡಿ" ಅಂದೆ. ಮುಂದಿನ ಶನಿವಾರ ತಲೆನೋವು ಅಂತ ನಾನೇ ಹೋಗಲಿಲ್ಲ. ಅದರ ಮುಂದಿನ ವಾರ ಅವರು ಕೇಳಿದರು, ನಾನು ಹೋಗುವ ಮೊದಲು ನೀವೇ ಹೋಗಿಬಿಟ್ಟಿರಾ ಅಂತ. ನನಗೆ ಸಿಟ್ಟು ಬಂತು. ಸಿಟ್ಟನ್ನು ಅಲ್ಲೇ, ಅವರೆದುರಿಗೇ ಆಡಿದೆ. ಬಿಟ್ಟು ಹೋಗುವವರ ಮೇಲೆ ಸಿಟ್ಟು ಮಾಡಿಕೊಂಡರೂ ಅವರು ವಾಪಸ್ ಬರುತ್ತಾರೆ ಅನ್ನೋದನ್ನ ನಾನು ಜೀವನದಲ್ಲಿ ಮೊದಲ ಸಲ ನೋಡಿದ್ದು ಆ ಕೋಣೆಯಲ್ಲಿ. ಎರಡು ವಾರದ ರಜೆಗೇ ಇಷ್ಟು ಮಾತಾಡಬೇಕಾಗುತ್ತದೆ. ಹಾಗಿರುವಾಗ ಹೇಳದೆ ಕೇಳದೆ ಮನುಷ್ಯರೇ ಬದಲಾದರೆ ಏನಾಗುತ್ತದೆ ಯೋಚಿಸಿ. ಚಿಕಿತ್ಸೆ ನಿಂತು ಹೋಗುವುದಷ್ಟೇ ಅಲ್ಲ, ಯಾವ ಗಾಯಕ್ಕೆ ಔಷಧಿ ಕೇಳಿಕೊಂಡು ಬಂದಿದ್ದರೋ ಅದೇ ಜಾಗಕ್ಕೆ ಮತ್ತೆ ಪೆಟ್ಟು ಬೀಳುತ್ತದೆ.

ಇದು ಉಳ್ಳವರ ಖಯಾಲಿ, ಇಂಥದ್ದಕ್ಕೆ ಸರ್ಕಾರದ ದುಡ್ಡು ಯಾಕೆ ಅಂತ ಯಾರಾದರೂ ನಿಮಗೆ ಹೇಳಬಹುದು. ಇಂಗ್ಲೆಂಡಿನ ಟ್ಯಾವಿಸ್ಟಾಕ್ ಕ್ಲಿನಿಕ್ ಅಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆಗೆ ಸೇರಿದ್ದು. ಅವರು ವರ್ಷಾನುಗಟ್ಟಲೆ ಖಿನ್ನತೆಯಲ್ಲಿದ್ದ, ಎರಡಾದರೂ ಚಿಕಿತ್ಸೆ ತೆಗೆದುಕೊಂಡು ಗುಣ ಕಾಣದ 129 ಜನರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ ಮಾತ್ರ. ಇನ್ನೊಂದಕ್ಕೆ ಅದರ ಜೊತೆ 18 ತಿಂಗಳು, ವಾರಕ್ಕೊಂದರಂತೆ ಇದೇ ಬಗೆಯ ಥೆರಪಿ. 2015ರಲ್ಲಿ ಫಲಿತಾಂಶ ಬಂತು. ಥೆರಪಿ ಮುಗಿದ ಕೂಡಲೇ ಪೂರ್ತಿ ಗುಣವಾದವರು ಎರಡೂ ಕಡೆ ಕಡಿಮೆಯೇ. ಆದರೆ ಮುಗಿದು ಎರಡು ವರ್ಷ ಆದಮೇಲೆ ನೋಡಿದರೆ, ಥೆರಪಿ ಪಡೆದವರಲ್ಲಿ ನೂರಕ್ಕೆ 44 ಜನ ದೊಡ್ಡ ಖಿನ್ನತೆಯ ಲಕ್ಷಣದಿಂದ ಹೊರಗೆ ಬಂದಿದ್ದರು, ಪಡೆಯದವರಲ್ಲಿ ನೂರಕ್ಕೆ 10 ಜನ. ಎಲ್ಲರಿಗೂ ಗುಣ ಆಗಲಿಲ್ಲ, ಅದನ್ನೂ ಹೇಳಬೇಕು. ಆದರೆ ಬಾಗಿಲು ದಾಟಿ ಮನೆಗೆ ಹೋದ ಮೇಲೂ ಒಳಗೆ ಕೆಲಸ ನಡೆಯುತ್ತಲೇ ಇತ್ತು. ನನಗೂ ಹಾಗೇ ಆಯಿತು. ಥೆರಪಿ ಮುಗಿದು ವರ್ಷ ದಾಟಿದೆ. ಮೊನ್ನೆ ತಮ್ಮ ಸಾಲ ಕೇಳಿದಾಗ "ಇಲ್ಲ ಕಣೋ, ಆಗಲ್ಲ" ಅಂದೆ, ಅವತ್ತು ರಾತ್ರಿ ಚೆನ್ನಾಗಿ ನಿದ್ದೆಯೂ ಬಂತು.

ಬಡವರಿಗೂ ಇದು ಸಿಗಬೇಕು ಅನ್ನೋದು ನನ್ನ ಹೊಸ ಮಾತೇನಲ್ಲ. ಈ ದಾರಿ ಹಾಕಿಕೊಟ್ಟ ಫ್ರಾಯ್ಡ್ 1918ರಲ್ಲಿ ಬುಡಾಪೆಸ್ಟಿನಲ್ಲಿ ಮಾತಾಡುತ್ತಾ, ಬಡವರಿಗೆ ಶಸ್ತ್ರಚಿಕಿತ್ಸೆಯ ಮೇಲೆ ಎಷ್ಟು ಹಕ್ಕಿದೆಯೋ ಮನಸ್ಸಿನ ಚಿಕಿತ್ಸೆಯ ಮೇಲೂ ಅಷ್ಟೇ ಇದೆ ಎಂದಿದ್ದರು. 1920ರಲ್ಲಿ ಬರ್ಲಿನ್ನಲ್ಲಿ, 1922ರಲ್ಲಿ ವಿಯೆನ್ನಾದಲ್ಲಿ ಅವರ ಶಿಷ್ಯರು ದುಡ್ಡಿಲ್ಲದವರಿಗಾಗಿ ಕ್ಲಿನಿಕ್ ತೆರೆದರು. ನಮ್ಮ ದೇಶದಲ್ಲೂ ಅದೇ 1922ರಲ್ಲಿ ಗಿರೀಂದ್ರಶೇಖರ ಬೋಸ್ ಕಲ್ಕತ್ತಾದಲ್ಲಿ ಮನೋವಿಶ್ಲೇಷಣೆಯ, ಅಂದರೆ ಫ್ರಾಯ್ಡ್ ದಾರಿಯ ಮಾತಿನ ಚಿಕಿತ್ಸೆಯ ಸಂಘ ಕಟ್ಟಿದರು. ಹತ್ತು ಹನ್ನೊಂದು ವರ್ಷದಲ್ಲಿ ಅಲ್ಲಿನ ಕಾರ್ಮೈಕಲ್ ಆಸ್ಪತ್ರೆಯಲ್ಲಿ ಹೊರರೋಗಿಗಳಿಗೆ ಮನೋವಿಭಾಗವನ್ನೂ ಶುರು ಮಾಡಿದರು. ಅಂದರೆ ಇದು ಪರದೇಶದಿಂದ ನಿನ್ನೆ ಬಂದ ಫ್ಯಾಷನ್ ಅಲ್ಲ. ಈ ನೆಲದಲ್ಲಿ ನೂರು ವರ್ಷ ಆಯಿತು.

ನಮ್ಮ ರಾಜ್ಯಕ್ಕಂತೂ ಈ ವಿಷಯದಲ್ಲಿ ಹೆಮ್ಮೆ ಪಡುವಷ್ಟು ಇದೆ. ನಿಮ್ಹಾನ್ಸ್ ನಮ್ಮಲ್ಲಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ 1996ರಲ್ಲಿ ಇಡೀ ದೇಶಕ್ಕೆ ತಂದದ್ದರ ಮಾದರಿ 1980ರ ದಶಕದಲ್ಲಿ ತಯಾರಾದದ್ದು ನಮ್ಮ ಬಳ್ಳಾರಿಯಲ್ಲಿ. ಮನೋಚೈತನ್ಯ ಅಂತ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರನ್ನು ಕರೆತರುವ ವ್ಯವಸ್ಥೆ ಮಾಡಿದ್ದೂ ನಾವೇ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿಗೆ ಮೇಲುಸ್ತುವಾರಿ ನಿಮ್ಹಾನ್ಸ್‌ನದ್ದು. 14416ಕ್ಕೆ ಯಾವ ಹೊತ್ತಲ್ಲಿ ಫೋನ್ ಮಾಡಿದರೂ ದುಡ್ಡಿಲ್ಲದೆ ಮಾತಾಡಬಹುದು. ಈ ಸಾಲು ಓದುತ್ತಿರುವವರಲ್ಲಿ ಯಾರಿಗಾದರೂ ಬದುಕು ಸಾಕು ಅನಿಸುತ್ತಿದ್ದರೆ ಪತ್ರ ಇಲ್ಲಿಗೇ ಬಿಟ್ಟು ಮೊದಲು ಆ ನಂಬರಿಗೆ ಫೋನ್ ಮಾಡಿ. ಆದರೆ ಸಹಾಯವಾಣಿ ಅನ್ನೋದು ಮುಳುಗುವವರಿಗೆ ಹಗ್ಗ. ದಡಕ್ಕೆ ಬಂದಮೇಲೆ ವರ್ಷಗಟ್ಟಲೆ ಜೊತೆಗೆ ನಡೆಯುವ ಕೆಲಸ ಬೇರೆ, ಅದಕ್ಕೆ ಬೇರೆಯದೇ ಏರ್ಪಾಡು ಬೇಕು.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಜನಕ್ಕೆ ಯಾವುದಾದರೊಂದು ಮಾನಸಿಕ ತೊಂದರೆ ಇದೆ, ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆಯೇ ಸಿಗುತ್ತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಸೆಕ್ಷನ್ ಕೈಗೆಟುಕುವ ಖರ್ಚಿನಲ್ಲಿ, ಒಳ್ಳೆಯ ಗುಣಮಟ್ಟದ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಅನ್ನುತ್ತದೆ. ನಾನು ಒಂದು ಸಲಕ್ಕೆ 1,200 ರೂಪಾಯಿ ಕೊಡುತ್ತಿದ್ದೆ, ರೈಲು ಆಟೋ ಬೇರೆ. ತಿಂಗಳಿಗೆ ಹತ್ತಿರ ಹತ್ತಿರ 6,000. ನನಗೆ ಸರ್ಕಾರಿ ಸಂಬಳ ಇದೆ, ಕೊಟ್ಟೆ. ನಮ್ಮ ಶಾಲೆಯ ಬಿಸಿಯೂಟದ ಅಕ್ಕ ಎಲ್ಲಿಂದ ಕೊಡಬೇಕು? ಅವರ ಎದೆ ಮೇಲೆ ಒರಳುಕಲ್ಲು ಇಲ್ಲವಾ?

ಈಗ ನನ್ನ ಬೇಡಿಕೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಹುದ್ದೆ ಈಗಾಗಲೇ ಇದೆ. ಅದನ್ನು ವರ್ಷ ವರ್ಷಕ್ಕೆ ಮುಗಿಯುವ ಗುತ್ತಿಗೆ ಬಿಟ್ಟು ಕಾಯಂ ಮಾಡಿ. ಅದು ಈ ವರ್ಷವೇ ಆಗಲ್ಲ ಅಂದರೆ ಕನಿಷ್ಠ ಇಷ್ಟಾದರೂ ಆದೇಶ ಮಾಡಿ: ಥೆರಪಿ ನಡೆಯುತ್ತಿರುವಾಗ ಆ ಸೈಕಾಲಜಿಸ್ಟನ್ನು ಬೇರೆ ಕಡೆಗೆ ಕಳಿಸುವ ಹಾಗಿಲ್ಲ, ಹೋಗಲೇಬೇಕಾದರೆ ರೋಗಿಗೆ ಎರಡು ತಿಂಗಳು ಮೊದಲೇ ತಿಳಿಸಬೇಕು, ಬೀಳ್ಕೊಡಲು ಸಮಯ ಕೊಡಬೇಕು, ಮುಂದೆ ಬರುವವರನ್ನು ಹಿಂದಿನವರೇ ಪರಿಚಯ ಮಾಡಿಸಬೇಕು. ಇದಕ್ಕೆ ಒಂದು ರೂಪಾಯಿಯೂ ಜಾಸ್ತಿ ಖರ್ಚಿಲ್ಲ. ವಾರದ ಕೆಲವು ಗಂಟೆಗಳನ್ನು ದೀರ್ಘ ಥೆರಪಿಗೆ ಅಂತಲೇ ಮೀಸಲಿಡಿ. ಒಂದು ದಿನಕ್ಕೆ ಎಷ್ಟು ರೋಗಿ ನೋಡಿದಿರಿ ಅನ್ನುವ ಲೆಕ್ಕದಿಂದ ಆ ಗಂಟೆಗಳನ್ನು ಹೊರಗಿಡಿ, ಇಲ್ಲದಿದ್ದರೆ 50 ನಿಮಿಷ ಒಬ್ಬರಿಗೇ ಕೊಟ್ಟ ಸೈಕಾಲಜಿಸ್ಟ್ ಕೆಲಸಗಳ್ಳರ ಹಾಗೆ ಕಾಣುತ್ತಾರೆ. ಕೂಲಿಯವರಿಗೆ, ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ವಾರದ ಮಧ್ಯೆ ಹಗಲಲ್ಲಿ ಬರಲು ಆಗಲ್ಲ, ಹಾಗಾಗಿ ಒಂದು ಸಂಜೆಯಾದರೂ ಬಾಗಿಲು ತೆಗೆದಿರಲಿ.

ಇನ್ನು ಈ ಕೆಲಸ ಮಾಡುವವರನ್ನು ಒಂಟಿಯಾಗಿ ಬಿಡಬೇಡಿ. ಇಡೀ ದಿನ ಬೇರೆಯವರ ನೋವು ಕೇಳುವವರಿಗೆ ತಮ್ಮ ಕೇಸುಗಳ ಬಗ್ಗೆ ಹಿರಿಯರ ಹತ್ತಿರ ಮಾತಾಡಲು ಜಾಗ ಬೇಕು. ಸೂಪರ್‌ವಿಷನ್ ಅಂತಾರೆ ಅದಕ್ಕೆ. ನಿಮ್ಹಾನ್ಸ್, ಡಿಮ್ಹಾನ್ಸ್‌ನ ಹಿರಿಯರು ವಾರಕ್ಕೊಂದು ಗಂಟೆ ವಿಡಿಯೋದಲ್ಲಿ ಕೂತರೆ ಬೀದರ್‌ನಿಂದ ಚಾಮರಾಜನಗರದ ತನಕ ಮುಟ್ಟಬಹುದು. ಓದುವ ಹುಡುಗ ಹುಡುಗಿಯರಿಗೆ ಕನ್ನಡದಲ್ಲಿ ಥೆರಪಿ ಮಾಡುವ ತರಬೇತಿಯೂ ಸಿಗಲಿ. ಪಾಠ ಇಂಗ್ಲಿಷಿನಲ್ಲೇ ಇರಲಿ, ಬೇಡ ಅನ್ನಲ್ಲ. ಆದರೆ ಎದುರಿಗೆ ಕೂತವರು "ಅಣ್ಣ" ಅಂದಾಗ ಅದು ತಂದೆಯಾ, ಒಡಹುಟ್ಟಿದವರಾ ಅಂತ ಕೇಳಿ ತಿಳಿಯುವಷ್ಟು ಕಿವಿ ಪಳಗಿರಬೇಕು.

ಕೊನೆಗೆ ಒಂದು ತುರ್ತು ವಿಷಯ. ನನಗೆ ಗೊತ್ತಿರುವ ಒಬ್ಬ ಹೆಣ್ಣುಮಗಳು, ನನಗಿಂತ ಚಿಕ್ಕವಳು, ಇದೇ ಜನವರಿಯಿಂದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಥೆರಪಿಗೆ ಹೋಗುತ್ತಿದ್ದಾಳೆ. ಮೊದಲ ಮೂರು ವಾರ ಏನೂ ಮಾತಾಡದೆ ಸೆರಗಿನ ತುದಿ ಸುತ್ತುತ್ತಾ ಕೂತು ಬಂದಳಂತೆ. ನಾಲ್ಕನೇ ವಾರ ಒಂದು ಮಾತು ಹೇಳಿದಳಂತೆ. ಏನು ಅಂತ ನಾನು ಕೇಳಲಿಲ್ಲ, ಕೇಳಬಾರದು. ಅಲ್ಲಿನ ಸೈಕಾಲಜಿಸ್ಟ್‌ನ ಗುತ್ತಿಗೆ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮುಂದುವರಿಸುತ್ತಾರೋ ಇಲ್ಲವೋ ಅವರಿಗೇ ಗೊತ್ತಿಲ್ಲ, ಹಾಗಾಗಿ ಅವಳಿಗೂ ಏನೂ ಹೇಳಿಲ್ಲ. ಅವಳು ಪ್ರತಿ ಗುರುವಾರ ಹನ್ನೊಂದು ಗಂಟೆಗೆ ಹೋಗುತ್ತಾಳೆ. ಏಪ್ರಿಲ್ ಮೊದಲನೇ ಗುರುವಾರವೂ ಹೋಗುತ್ತಾಳೆ. ಅವತ್ತು ಆ ಕುರ್ಚಿಯಲ್ಲಿ ಅದೇ ಮುಖ ಇರುವ ಹಾಗೆ ನೋಡಿಕೊಳ್ಳಿ ಸರ್.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಸರ್ಕಾರಿ ಶಾಲೆಯ ಟೀಚರ್